ಕೆರೆ ಸೀಮೆಯ ತಿದ್ದುಪಡಿ

ಸಿಂಹಕ್ಕಿರುವುದು ನಾಲ್ಕು ಕಾಲು. ಆದ್ದರಿಂದ ಅದು ಕಾಡಿಗೆಲ್ಲ ಆರೋಗ್ಯ ವಿಮೆ ಸಾರಿದಾಗ, ಪ್ರತಿ ಜೀವಿಯ ನಾಲ್ಕೂ ಕಾಲಿಗೆ ಪುಕ್ಕಟೆ ಮದ್ದು ಎಂದು ಬರೆಸಿತು. ಬೇರೆ ಲೆಕ್ಕದ ಕಾಲಿನವರೂ ಇದ್ದಾರೆಂದು ಮಂತ್ರಿಗಳು ಕಿವಿಯಲ್ಲಿ ಉಸುರಿದ ಮೇಲೆ, ಆಯಾ ಸೀಮೆಯವರು ತಮಗೆ ತಕ್ಕಂತೆ ತಿದ್ದಿಕೊಳ್ಳಲಿ ಎಂಬ ಸಾಲೂ ಸೇರಿತು.

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮುದಿ ಶತಪದಿಯೊಂದು ರಾಗಿಕಾಳಿನಷ್ಟು ಬಾತುಕೊಂಡ ತನ್ನ ನಲವತ್ತಮೂರನೆಯ ಕಾಲನ್ನು ಎಳೆದುಕೊಂಡು, ಮೂರು ದಿನ ನಡೆದು ಕೆರೆ ಸೀಮೆಯ ಆಸ್ಪತ್ರೆ ಮುಟ್ಟಿತು. ಬಾಗಿಲಲ್ಲಿ ಅಧಿಕಾರಿ ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿತ್ತು.

"ಯಾವ ಕಾಲು?"

"ನಲವತ್ತಮೂರನೆಯದು, ಸ್ವಾಮಿ."

"ನಮ್ಮ ಸೀಮೆಯಲ್ಲಿ ತಲೆಗೆ ಒಂದೇ ಕಾಲು. ಮೊದಲನೆಯದಾದರೆ ತೋರಿಸು, ಇಲ್ಲದಿದ್ದರೆ ನಡೆ."

"ಸಿಂಹರಾಜರು ನಾಲ್ಕು ಅಂದಿದ್ದರಲ್ಲ?"

"ತಿದ್ದಿಕೊಳ್ಳಿ ಅಂತಲೂ ಅಂದಿದ್ದಾರೆ. ಕೊಕ್ಕರೆಗಳೆಲ್ಲ ಸಭೆ ಸೇರಿ, ನಿಂತವರ ಕಾಲು ಎಣಿಸಿದೆವು. ತಲೆಗೊಂದೇ ಸಿಕ್ಕಿತು. ಅದನ್ನೇ ಬರೆದೆವು."

ಶತಪದಿ ಬಂದ ದಾರಿಯನ್ನು ನೆನೆದು ನಿಟ್ಟುಸಿರಿಟ್ಟು ತಿರುಗಿತು. ಆಗ ಕೊಕ್ಕರೆ ಅತ್ತಿತ್ತ ನೋಡಿ, ಕತ್ತು ಬಗ್ಗಿಸಿ ಪಿಸುಗುಟ್ಟಿತು: "ಅಮ್ಮಾ, ಒಂದು ಉಪಕಾರ ಮಾಡಿ. ನನ್ನ ಇನ್ನೊಂದು ಕಾಲಲ್ಲಿ ಮುಳ್ಳು ಮುರಿದು ಕೂತಿದೆ. ಒಳಗೆ ತೋರಿಸೋಣವೆಂದರೆ ಪಟ್ಟಿಯಲ್ಲಿ ಆ ಕಾಲೇ ಇಲ್ಲ. ನೀವಾದರೂ ಕಿತ್ತುಕೊಡಿ."

ಶತಪದಿ ಕೊಕ್ಕರೆಯ ನೆಟ್ಟ ಕಾಲನ್ನು ಬುಡದಿಂದ ತುದಿಯವರೆಗೆ ಸಾವಕಾಶವಾಗಿ ನೋಡಿತು.

"ಯಾವ ಇನ್ನೊಂದು ಕಾಲು, ಸ್ವಾಮಿ?" ಎಂದು ಕೇಳಿ, ಕುಂಟುತ್ತ ಹೊರಟುಹೋಯಿತು.