ಮುದ್ರೆ ಇಲ್ಲದ ಗಂಟೂ ಮೋಡಕ್ಕೇರಿದ ಸಣ್ಣಿಯೂ

ಒಂದಾನೊಂದು ಊರಿನಲ್ಲಿ, ಗಂಟುಮೂಟೆಗಳಿಗೂ ಬಾಯಿದ್ದ ಕಾಲದಲ್ಲಿ, ಗುಂಡುಮಲ್ಲ ಅಂತ ಒಬ್ಬ ರಾಜ. ಹೂಂ ಅನ್ನಿ, ಅಂದರೆ ಮುಂದೆ ಹೇಳುತ್ತೇನೆ.

ಒಂದು ದಿನ ರಾಜ ಚಕ್ಕುಲಿಯ ಗಂಟು ಬಿಚ್ಚಿದ. ಒಳಗೆ ಏಡಿ ಕೂತಿತ್ತು. ರಾಜನ ಮೂಗು ಹಿಡಿಯಿತು. ಮಂತ್ರಿಗಳೆಲ್ಲ ಸೇರಿ ಎಳೆದರು. ಏಡಿ ಬಂತು, ಮೂಗು ಮಾತ್ರ ಮೊಳದುದ್ದ ಆಯಿತು.

ರಾಜ ಕೋಟೆ ಬಾಗಿಲ ಕಾವಲುಗಾರ ಕೆಂಚಣ್ಣನನ್ನು ಕರೆಸಿದ. “ಕೆಂಚಾ, ಇನ್ನು ಮೇಲೆ ಗಂಟು ಕಟ್ಟಿದವರು ಅದರ ಮೇಲೆ ತಮ್ಮ ಅರಗಿನ ಮುದ್ರೆ ಒತ್ತಬೇಕು. ಮುದ್ರೆ ಒಡೆದ ಗಂಟು ಒಳಗೆ ಬರಕೂಡದು.”

“ಆಗಲಿ ಬುದ್ಧಿ.”

ಕೆಂಚಣ್ಣನಿಗೆ ಒಬ್ಬಳೇ ಮಗಳು, ಸಣ್ಣಿ. ಅವಳಿಗೆ ಬಿಕ್ಕಳಿಕೆ ಹತ್ತಿತು. ಬಿಕ್ ಅಂದರೆ ಒಂದು ಗೇಣು ಮೇಲೇರುತ್ತಾಳೆ. ಬಿಕ್, ಇನ್ನೊಂದು ಗೇಣು. ತಾಯಿ ಗಿರಿಯಮ್ಮ ಅವಳನ್ನು ಒರಳುಕಲ್ಲಿಗೆ ಕಟ್ಟಿದಳು. ಒರಳುಕಲ್ಲೂ ಮೇಲೆದ್ದಿತು. ಮನೆಯ ಕಂಬಕ್ಕೆ ಕಟ್ಟಿದಳು. ಕಂಬ ಕಿರುಗುಟ್ಟಿತು.

ಇದಕ್ಕೆ ಮದ್ದು ಒಂದೇ, ಹೊಳೆಯಾಚೆಯ ಚೌಡಜ್ಜಿಯ ಲೇಹ್ಯ. ಅಜ್ಜಿಗೆ ಹೇಳಿ ಕಳಿಸಿದರು. ಸುದ್ದಿ ಕಳ್ಳ ಗಂಟುಗಳ ಕಿವಿಗೂ ಬಿತ್ತು.

ಮೊದಲು ಒಂದು ಬೋಳು ಗಂಟು ಬಂತು. “ನಾನು ಲೇಹ್ಯ” ಅಂತು.

“ಮುದ್ರೆ ಎಲ್ಲಿ?”

“ಇಲ್ಲ.”

“ಒಡೆದಿದೆಯಾ?”

“ಇಲ್ಲದ್ದು ಹೇಗೆ ಒಡೆಯುತ್ತೆ ಕೆಂಚಣ್ಣಾ?”

ಕೆಂಚಣ್ಣ ತಲೆ ಕೆರೆದುಕೊಂಡ. ಸರಿಯೆನಿಸಿತು, ಬಿಟ್ಟ. ಒಳಗಿದ್ದದ್ದು ಗಾಡಿಯ ಕೀಲೆಣ್ಣೆ. ಸಣ್ಣಿ ನೆಕ್ಕಿದಳು. ಬಿಕ್ಕಿಗೆ ಗೇಣು ಏರುತ್ತಿದ್ದವಳು ಮಾರು ಏರತೊಡಗಿದಳು. ಮನೆ ಬುಡಸಮೇತ ಎದ್ದಿತು. ಗಿರಿಯಮ್ಮನೂ ಕೋಳಿಗಳೂ ಒಳಗೇ ಇದ್ದರು.

ರಾಜ ಕಟ್ಟಳೆ ತಿದ್ದಿದ. “ಒಡೆಯದ ಮುದ್ರೆ ಇರಲೇಬೇಕು!”

ಎರಡನೆಯ ಗಂಟು ಮುದ್ರೆಯನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು ಬಂತು.

“ಯಾರ ಮುದ್ರೆ?”

“ಚೌಡಜ್ಜಿಯದೇ. ಅವಳ ಉಪ್ಪಿನಕಾಯಿ ಜಾಡಿಯಿಂದ ಹುಷಾರಾಗಿ ಕಿತ್ತು ತಂದೆ. ನೋಡು, ಒಂದು ಗೀರೂ ಇಲ್ಲ.”

ಮುದ್ರೆ ಇತ್ತು, ಒಡೆದಿರಲಿಲ್ಲ, ಕೆಂಚಣ್ಣ ಬಿಟ್ಟ. ಒಳಗಿದ್ದದ್ದು ಜೇಡಿಮಣ್ಣು. ಮನೆ ತೆಂಗಿನಮರ ದಾಟಿತು.

ರಾಜ ಮತ್ತೆ ತಿದ್ದಿದ. “ಮುದ್ರೆಯ ಗುರುತು ಬಲ್ಲವರು ಸಾಕ್ಷಿ ಹೇಳಬೇಕು!”

ಮೂರನೆಯ ಗಂಟು ತಲೆಯ ಮೇಲೆ ಕಪ್ಪೆಯನ್ನು ಕೂರಿಸಿಕೊಂಡು ಬಂತು. ಕಪ್ಪೆ ಹೇಳಿತು, “ಇದು ಚೌಡಜ್ಜಿಯ ಮುದ್ರೆಯೇ. ನಾನು ಬಲ್ಲೆ.”

“ನಿನ್ನನ್ನು ಬಲ್ಲವರು ಯಾರು?”

“ಈ ಗಂಟು.”

“ಗಂಟನ್ನು ಬಲ್ಲವರು?”

“ನಾನು!”

ಬಾಗಿಲಿಗೇ ಬಂದು ನಿಂತಿದ್ದ ರಾಜ ಚಪ್ಪಾಳೆ ತಟ್ಟಿದ. “ಒಂದಕ್ಕೆ ಎರಡು ಸಾಕ್ಷಿ! ಬಿಡೋ ಕೆಂಚಾ!”

ಅಷ್ಟರಲ್ಲಿ ಮೇಲಿನಿಂದ ಗಿರಿಯಮ್ಮ ಕೂಗಿದಳು. “ಏನೂಂದ್ರೇ! ಮಗಳು ಮೋಡ ಮುಟ್ಟಿದಳು!”

ಕೆಂಚಣ್ಣ ತಲೆಯೆತ್ತಿ ನೋಡಿದ. ಈಟಿ ಅಡ್ಡ ಹಿಡಿದ. “ಬಿಡಲ್ಲ ಬುದ್ಧಿ. ಗಂಟೇ ಕರಕೊಂಡು ಬಂದ ಸಾಕ್ಷಿಯನ್ನು ನಂಬಿ ಮಗಳನ್ನು ಕಳಕೊಳ್ಳಲಾರೆ. ನಾನೇ ಅಜ್ಜಿ ಹತ್ತಿರ ಹೋಗಿ ಗುರುತು ತರ್ತೀನಿ.”

“ಬಾಗಿಲು ಯಾರು ಕಾಯೋದು?”

“ನೀವೇ ಬುದ್ಧಿ.”

ರಾಜ ಒಪ್ಪಿದ. ಬಾಗಿಲಿಗೆ ಮೂಗನ್ನು ಅಡ್ಡಗೋಲು ಮಾಡಿ ಕೂತ.

ಕೆಂಚಣ್ಣ ಹೊಳೆ ಈಜಿದ. ಚೌಡಜ್ಜಿ ಒಲೆಯ ಮುಂದಿದ್ದಳು.

“ಅವ್ವಾ, ನಿನ್ನ ಹೆಸರಲ್ಲಿ ಯಾರ್ಯಾರೋ ಬಂದರು.”

“ಅಯ್ಯೋ ಮಗಾ! ಲೇಹ್ಯ ಇನ್ನೂ ಪಾಕಕ್ಕೇ ಬಂದಿಲ್ಲ.” ಅಜ್ಜಿ ಅರಗು ಕರಗಿಸಿ, ತನ್ನ ನವಿಲಿನ ಮುದ್ರೆ ಒತ್ತಿ, ಆ ಬಿಲ್ಲೆಯನ್ನು ಅವನ ಕೈಗೇ ಕೊಟ್ಟಳು. “ಇದು ನಿನ್ನ ಹತ್ತಿರವೇ ಇರಲಿ. ಬರೋ ಗಂಟನ್ನು ಇದರ ಪಕ್ಕ ಇಟ್ಟು ನೋಡು. ಗಂಟಿನ ಬಾಯಿಗೇ ಮುದ್ರೆ ಒತ್ತಿರ್ತೀನಿ. ಬಿಚ್ಚಿದರೆ ಒಡೀತದೆ. ನೀನು ನಡಿ, ಲೇಹ್ಯ ಹಿಂದೆಯೇ ಬರ್ತದೆ.”

ಕೆಂಚಣ್ಣ ಬರುವಷ್ಟರಲ್ಲಿ ಬಾಗಿಲಲ್ಲಿ ಗಂಟುಗಳ ಜಾತ್ರೆ. “ನಾನೇ ಲೇಹ್ಯ! ನಾನೇ ಲೇಹ್ಯ!” ಅವನು ಯಾರ ಮಾತೂ ಕೇಳಲಿಲ್ಲ. ಒಂದೊಂದನ್ನೇ ಬಿಲ್ಲೆಯ ಪಕ್ಕ ಇಟ್ಟು ನೋಡಿದ. ಒಂದರ ನವಿಲಿಗೆ ಮೂರು ಕಾಲು. ಇನ್ನೊಂದರ ನವಿಲು ಬಾತುಕೋಳಿ. ಮತ್ತೊಂದರ ಮುದ್ರೆ ಸರಿಯಾಗೇ ಇತ್ತು, ಆದರೆ ಗಂಟಿನ ಬೆನ್ನಿಗೆ ಅಂಟಿತ್ತು, ಬಾಯಿ ಸಡಿಲವಾಗಿತ್ತು. ಕಡೆಗೆ, ಆಗಷ್ಟೇ ಹೊಳೆ ದಾಟಿ ಬಂದು ಹಿಂದುಗಡೆ ಒದ್ದೆಯಾಗಿ, ಸುಮ್ಮನೆ ನಿಂತಿದ್ದ ಗಂಟೊಂದನ್ನು ಎತ್ತಿದ. ಅದೇ ನವಿಲು, ಅದೇ ಜುಟ್ಟು, ಬಾಯಿಯ ಮೇಲೆ, ಇಡಿಯಾಗಿ.

“ಯಾಕೋ ಸುಮ್ಮನಿದ್ದೆ?”

“ಕೂಗಿದರೆ ಅವರ ಹಾಗೇ ಕೇಳಿಸ್ತಿದ್ದೆ.”

ಆದರೆ ಮನೆ ಮೋಡದ ಮೇಲಿದೆಯಲ್ಲ! ಊರಿನವರೆಲ್ಲ ಸೇರಿ ಸುಳ್ಳು ಗಂಟುಗಳನ್ನು ಒಂದರ ಮೇಲೊಂದು ಪೇರಿಸಿದರು. “ಅಯ್ಯೋ ಬೆನ್ನು!” ಅಂತ ಅವು ಗೊಣಗಿದವು, ಆದರೂ ನಿಂತವು. ಕೆಂಚಣ್ಣ ಹತ್ತಿದ, ಹತ್ತಿದ, ಮೋಡದೊಳಗೆ ಕೈ ಹಾಕಿ ಮಗಳ ನಾಲಿಗೆಗೆ ಲೇಹ್ಯ ಸವರಿದ.

“ಥೂ, ಅಪ್ಪಾ, ಕಹಿ!”

“ಕಹಿಯಾ? ಹಾಗಾದರೆ ಇದೇ ಕಣವ್ವಾ!” ಅಂತ ಕೆಂಚಣ್ಣ ನಕ್ಕ, ಅತ್ತ.

ಬಿಕ್ಕಳಿಕೆ ನಿಂತಿತು. ಮನೆ ಮೆಲ್ಲಗೆ ಇಳಿಯಿತು. ಇಳಿಯುವಾಗ ಗಾಳಿಗೆ ತಿರುಗಿ, ಹಿತ್ತಿಲು ಬೀದಿಗೆ ಬಂತು, ಜಗಲಿ ಹಿಂದಕ್ಕೆ ಹೋಯಿತು.

“ಇರಲಿ ಬಿಡಿ” ಅಂದಳು ಗಿರಿಯಮ್ಮ, ಮಗಳ ಪಾದ ನೆಲಕ್ಕೆ ಒತ್ತಿ ನೋಡುತ್ತ. “ನಾಳೆಯಿಂದ ಬೀದಿಯನ್ನೇ ಆ ಕಡೆ ಹಾಕಿಸಿದರಾಯಿತು.”

ಕತೆಗೆ ನೀತಿ ಬೇಕೇ? ಮೋಡದ ಮೇಲೆ ಮನೆಯಿದ್ದಾಗ ಕಸ ಹೊರಗೆ ಗುಡಿಸಬೇಡಿ, ಕೆಳಗೆ ನಾವಿದ್ದೇವೆ. ಅವರು ಅಲ್ಲಿ ಊಟಕ್ಕೆ ಕೂತರು. ನೀವು ಇಲ್ಲಿ ಕಾಲು ಚಾಚಿ, ನಾನು ಒಂದು ಲೋಟ ನೀರು ಕುಡಿಯುತ್ತೇನೆ.