ಊರಿನ ಕಪ್ಪೆಗಳು

"ಮನೆ ಕಟ್ಟುವವನು ಕಪ್ಪೆಗೂ ನೆಲೆ ಕೊಡಬೇಕು. ಇಂಥ ಕಟ್ಟಳೆ ಬೇರೆ ಯಾವ ರಾಜ್ಯದಲ್ಲಿದೆ?" ಎಂದು ರಾಜ ಕೀರ್ತಿಪಾಲ ಬೀಗುತ್ತಿದ್ದ. ಯಾರೇ ಕಟ್ಟಡ ಎಬ್ಬಿಸಲಿ, ಆ ಜಾಗದಲ್ಲಿ ಮೊದಲಿಗಿಂತ ಹೆಚ್ಚು ಜೀವಿಗಳು ಬಾಳುವಂತೆ ಮಾಡಬೇಕಿತ್ತು.

ಸಾಹುಕಾರ ಮಲ್ಲರಸ ಊರಂಚಿನ ಹೊಂಡ ಮುಚ್ಚಿ ಮಹಡಿಮನೆ ಕಟ್ಟಿಸಿದ. ಆಮೇಲೆ ಆಸ್ಥಾನಕ್ಕೆ ಬಂದು ಕೈಮುಗಿದ.

"ಪ್ರಭೂ, ಹಕ್ಕಿ ಹಾಡಿದರೆ ಊರಿಗೆಲ್ಲ ಇಂಪು. ಕಪ್ಪೆ ಸೊಳ್ಳೆ ನುಂಗಿದರೆ ಊರಿಗೆಲ್ಲ ನಿದ್ದೆ. ಅಂದಮೇಲೆ ಅವಕ್ಕೆ ಹೊಸ ಹೊಂಡ ತೋಡುವ ಖರ್ಚೂ ಊರಿನದೇ ಅಲ್ಲವೇ?"

ರಾಜ ತಲೆದೂಗಿದ. ಪಕ್ಕದಲ್ಲಿದ್ದ ಆಸ್ಥಾನದ ಜಾಣ ಕೇತಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕುಂಬಾರಗೇರಿಯ ಕುಸಿದ ಬಾವಿ ಕಟ್ಟಲೆಂದು ಊರವರು ಕೂಡಿಟ್ಟದ್ದೆಲ್ಲ ಇನ್ನು ಸಾಹುಕಾರನ ಹಿತ್ತಿಲ ಪಾಲು. ಆದರೆ ತಲೆದೂಗಿದ ರಾಜನಿಗೆ ಎದುರಾಡುವುದು ಹೇಗೆ?

"ನ್ಯಾಯವಾದ ಮಾತು. ಖರ್ಚು ಊರಿನದಾದರೆ ಕಪ್ಪೆ, ಬಾತುಗಳೂ ಊರಿನವೇ ತಾನೇ, ಧಣೀ?" ಎಂದು ಕೇತಯ್ಯ ಮಲ್ಲರಸನನ್ನು ಕೇಳಿದ.

"ಧಾರಾಳವಾಗಿ. ಊರಿನ ಸ್ವತ್ತನ್ನು ನಾನು ಬೆರಳಿನಿಂದಲೂ ಮುಟ್ಟುವವನಲ್ಲ," ಎಂದ ಮಲ್ಲರಸ.

ಊರವರು ಗೊಣಗುತ್ತಲೇ ಅವನ ಹಿತ್ತಿಲಲ್ಲಿ ಹೊಸ ಹೊಂಡ ತೋಡಿದರು. ಕೇತಯ್ಯ ಮಡಕೆಗಟ್ಟಲೆ ಕಪ್ಪೆ, ಬುಟ್ಟಿಗಟ್ಟಲೆ ಬಾತು ತರಿಸಿ ಬಿಟ್ಟ.

ಮೊದಲ ಮಳೆಗೇ ಹೊಂಡ ತುಂಬಿತು. ಕಪ್ಪೆಗಳು ಮನೆಯೊಳಗೆ ಕುಪ್ಪಳಿಸಿದವು. ಅನ್ನದ ತಪ್ಪಲೆಯಲ್ಲಿ ಕಪ್ಪೆ, ಹಾಸಿಗೆಯಲ್ಲಿ ಕಪ್ಪೆ. ಬಾತುಗಳು ಸಾಲಾಗಿ ಮಹಡಿ ಹತ್ತಿದವು. ಸಾಹುಕಾರನ ಅತ್ತೆ ತೂಗುಮಂಚ ಏರಿದವರು ಇಳಿಯಲೇ ಇಲ್ಲ.

ಮಲ್ಲರಸ ಪೊರಕೆ ಎತ್ತಿದ. ಬಾಗಿಲಲ್ಲಿ ಕೇತಯ್ಯ ಕೆಮ್ಮಿದ. "ಧಣೀ, ಊರಿನ ಸ್ವತ್ತು."

ಸಾಹುಕಾರ ನೇರ ಆಸ್ಥಾನಕ್ಕೆ ಓಡಿದ; ಕೇತಯ್ಯನೂ ಹಿಂದೆಯೇ ಬಂದ. "ಪ್ರಭೂ, ಇವನ್ನು ಓಡಿಸಲು ಅಪ್ಪಣೆ ಕೊಡಿ," ಎಂದು ಬಾಗಿದಾಗ ಪೇಟದೊಳಗಿಂದ ಒಂದು ಕಪ್ಪೆ ಸಿಂಹಾಸನದ ಮೆಟ್ಟಿಲಿಗೆ ಹಾರಿತು.

ರಾಜ ತುಟಿ ಕಚ್ಚಿ ನಗು ತಡೆದು ಕೇತಯ್ಯನತ್ತ ನೋಡಿದ.

"ಊರಿನ ಸ್ವತ್ತನ್ನು ಓಡಿಸುವುದು ಹೇಗೆ, ಪ್ರಭೂ? ಅವುಗಳನ್ನು ನೋಡಲು ಕುಂಬಾರಗೇರಿಯವರೆಲ್ಲ ರೊಟ್ಟಿ ಕಟ್ಟಿಕೊಂಡು ಧಣಿಗಳ ಮನೆಗೆ ಹೊರಟಿದ್ದಾರೆ. ಅದು ಬೇಡವೆಂದರೆ ಧಣಿಗಳೇ ಊರಿನ ಖರ್ಚು ತೀರಿಸಿ ಹೊಂಡ, ಕಪ್ಪೆ, ಬಾತುಗಳನ್ನು ಕೊಂಡುಕೊಳ್ಳಲಿ. ಹೊಂಡದ ಸುತ್ತ ಗೋಡೆಯನ್ನೂ ಕಟ್ಟಿಸಿಕೊಳ್ಳಲಿ."

"ಎಲ್ಲವನ್ನೂ ನಾನೇ ಕೊಡುತ್ತೇನೆ," ಎಂದ ಮಲ್ಲರಸ. ಮತ್ತೆ ಅನುಮಾನದಿಂದ ಕೇಳಿದ: "ಗೋಡೆ ಹಾರಿ ಒಳಗೆ ಬಂದರೆ ಆ ಖರ್ಚು ಯಾರದು?"

"ನಿಮ್ಮ ಹೊಂಡದಿಂದ ನಿಮ್ಮ ಮನೆಗೆ ಬಂದವರು ನಿಮ್ಮ ನೆಂಟರು, ಧಣೀ," ಎಂದ ಕೇತಯ್ಯ. "ನೆಂಟರ ಊಟಕ್ಕೆ ಯಾವ ಊರೂ ಚಂದಾ ಎತ್ತುವುದಿಲ್ಲ."

ರಾಜ ಹೊಟ್ಟೆ ಹಿಡಿದು ನಕ್ಕ. ಹೆಗಲ ಶಾಲು ತೆಗೆದು ಕೇತಯ್ಯನಿಗೆ ಹೊದಿಸಿದ. ಕುಂಬಾರಗೇರಿಯ ಬಾವಿಗೆ ಆ ವಾರವೇ ಕಲ್ಲು ಬಂದು ಬಿತ್ತು.