ವಿಮಾನಕ್ಕೆ ಕೊಂಡ ರೆಗ್ಯುಲೇಟರ್

"ಬುದ್ಧಿ, ನನ್ನ ಮನಸ್ಸು ನನ್ನ ಹಿಡಿತದಲ್ಲಿದೆ ಎಂದು ನೀವೇ ನಾಲ್ಕು ಜನರ ಮುಂದೆ ಹೇಳಿದ್ದೀರಿ. ಹಾಗಿದ್ದ ಮೇಲೆ ಮಠದ ಹೊಣೆ ನನಗೆ ವಹಿಸಿಕೊಡಲು ಇನ್ನೂ ಯಾಕೆ ಹಿಂದೆಮುಂದೆ ನೋಡುತ್ತೀರಿ?" ಎಂದು ಶಿಷ್ಯ ಶಾಂತಮಲ್ಲ ತನ್ನ ಗುರುಗಳನ್ನು ಕೇಳಿದ.

ಬಹಳ ಕಾಲದಿಂದ ನಾಲಿಗೆ ತುದಿಯಲ್ಲಿದ್ದ ಮಾತು ಅದು. ಕೇಳಿದ ಮೇಲೆ ಅವನಿಗೆ ಹಗುರವಾಯಿತು. ಈ ಸಲ ಗುರುಗಳು ಇಲ್ಲವೆನ್ನಲಾರರು ಎಂಬ ಧೈರ್ಯವೂ ಇತ್ತು. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ಮನುಷ್ಯ ಮನೆಯ ಹಿಂದಿನ ಶೆಡ್ಡಿನಲ್ಲಿ ತನ್ನ ಕೈಯಾರೆ ಒಂದು ಪುಟ್ಟ ವಿಮಾನ ಕಟ್ಟಿದ. ಇವನಿಗೆ ತಲೆ ಕೆಟ್ಟಿದೆ ಎಂದರು ಊರವರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ರೆಕ್ಕೆ ಜೋಡಿಸಿದ, ಎಂಜಿನ್ ಕೂರಿಸಿದ. ಎಂಜಿನ್ನಿನ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರೂ ಬಂತು. ಆದರೆ ಆಲ್ಟರ್ನೇಟರಿಗೆ ಹದ ಗೊತ್ತಿಲ್ಲ. ಹಿಡಿಯುವವರಿಲ್ಲದಿದ್ದರೆ ಅದರ ವೋಲ್ಟೇಜು ಏರುತ್ತಲೇ ಹೋಗಿ ಬ್ಯಾಟರಿ, ರೇಡಿಯೋ ಎಲ್ಲವನ್ನೂ ಸುಟ್ಟುಬಿಡುತ್ತದೆ. ಅದನ್ನು ಹದದಲ್ಲಿಡುವುದು ರೆಗ್ಯುಲೇಟರ್. ಅದೊಂದನ್ನು ಕೊಳ್ಳಲು ಅವನು ಅಂಗಡಿಗೆ ಹೋದ.

ವ್ಯಾಪಾರಿ ಎರಡು ಬಗೆ ತೋರಿಸಿದ. ಒಂದು, ಕಾರುಗಳಲ್ಲಿರುವಂತೆ ಆಲ್ಟರ್ನೇಟರಿನ ಹೊಟ್ಟೆಯೊಳಗೇ ಕೂರುವಂಥದ್ದು. ಒಮ್ಮೆ ಶುರುವಾದರೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ, ಹೊರಗಿನವರ ಮಾತು ಕೇಳುವುದಿಲ್ಲ. ಇನ್ನೊಂದು, ಹೊರಗೆ ಕೂರುವ ಡಬ್ಬಿ. ಅದರ ತಂತಿಯನ್ನು ವಿಮಾನ ನಡೆಸುವವನ ಮುಂದಿನ ಸ್ವಿಚ್ಚಿನವರೆಗೂ ಎಳೆಯಬೇಕು. ಕೆಲಸ ಜಾಸ್ತಿ. ಆದರೆ ಸ್ವಿಚ್ಚು ಆಫ್ ಮಾಡಿದರೆ ಎಂಜಿನ್ ಓಡುತ್ತಿದ್ದರೂ ಆಲ್ಟರ್ನೇಟರ್ ಕರೆಂಟು ಕೊಡುವುದನ್ನು ನಿಲ್ಲಿಸುತ್ತದೆ.

"ಒಳಗಿನದನ್ನೇ ತಗೊಳ್ಳಿ ಸಾರ್, ಹಾಕಿ ಮರೆತುಬಿಡಿ. ಕೆಡೋ ಮಾತೇ ಇಲ್ಲ," ಎಂದ ವ್ಯಾಪಾರಿ.

"ಅಕಸ್ಮಾತ್ ಕೆಟ್ಟರೆ?"

"ಅದಕ್ಕೇನು, ಗಾಡಿ ಸೈಡಿಗೆ ಹಾಕಿ ಬಾನೆಟ್ ಎತ್ತಿದರಾಯ್ತು," ಎಂದವನೇ ವ್ಯಾಪಾರಿ ನಾಲಿಗೆ ಕಚ್ಚಿಕೊಂಡ.

ಗಿರಾಕಿಗೆ ನಗು ತಡೆಯಲಾಗಲಿಲ್ಲ. ಹೊರಗಿನ ಡಬ್ಬಿಯನ್ನೇ ಕಟ್ಟಿಸಿಕೊಂಡು ಮನೆಗೆ ಬಂದ.

ಒಂದು ದಿನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರುತ್ತಿದ್ದಾಗ ಆ ಡಬ್ಬಿಯೂ ಕೆಟ್ಟಿತು. ವೋಲ್ಟೇಜಿನ ಮುಳ್ಳು ಕೆಂಪು ಗೆರೆ ದಾಟಿತು. ಸುಟ್ಟ ವಾಸನೆ ಬಂತು. ಹೆಂಡತಿ ಹೆದರಿ ಅವನ ತೋಳು ಹಿಡಿದಳು. ಅವನು ಕೈ ಚಾಚಿ ಸ್ವಿಚ್ಚು ಆಫ್ ಮಾಡಿದ. ಮುಳ್ಳು ಇಳಿಯಿತು. ಬ್ಯಾಟರಿಯಲ್ಲಿದ್ದ ಕರೆಂಟಿನಲ್ಲೇ ರೇಡಿಯೋ ನಡೆಸಿಕೊಂಡು ಇಬ್ಬರೂ ಕ್ಷೇಮವಾಗಿ ನೆಲಕ್ಕಿಳಿದರು.

ಗುರುಗಳು ಕತೆ ನಿಲ್ಲಿಸಿದರು. ಶಾಂತಮಲ್ಲನಿಗೆ ಸಮಾಧಾನವಾಗಲಿಲ್ಲ. ಇದೆಲ್ಲ ತನಗೆ ಹೇಳುವ ಕತೆಯೇ ಅಲ್ಲ ಎಂದು ಅವನಿಗೆ ಖಚಿತವಿತ್ತು.

"ಅವನು ಕೊಂಡದ್ದು ಕೆಟ್ಟಿತು, ಬುದ್ಧಿ. ನನ್ನ ಮನಸ್ಸು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹದ ತಪ್ಪಿಲ್ಲ."

ಗುರುಗಳು ಮಠದ ಬೀಗದ ಕೈಗಳ ಗೊಂಚಲನ್ನು ತೆಗೆದು ಇಬ್ಬರ ನಡುವೆ ಇಟ್ಟರು.

"ನನ್ನನ್ನು ಬಿಟ್ಟರೆ, ನಿನ್ನ ಮುಖ ನೋಡಿ 'ಸಾಕು, ನಿಲ್ಲಿಸು' ಎನ್ನಬಲ್ಲವರು ಈ ಮಠದಲ್ಲಿ ಯಾರಿದ್ದಾರೆ, ಒಬ್ಬರ ಹೆಸರು ಹೇಳಿ ಇದನ್ನು ತೆಗೆದುಕೊಂಡು ಹೋಗು."

ಶಾಂತಮಲ್ಲ ಮಠದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ನೋಡಿ, ಗೊಂಚಲನ್ನು ಗುರುಗಳ ಕಡೆಗೇ ಸರಿಸಿದ.